ತೊಳೆಯುವ ಮೊದಲು ಫೋಟೊ ತೆಗೆಯಿರಿ: ಕರಾವಳಿಯ ಮನೆಗಳಲ್ಲಿರುವ ಹಳೇ ನಾಣ್ಯಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಉಡುಪಿ, ಮಂಗಳೂರು ಕಡೆಯ ಹಳೇ ಮನೆಗಳಲ್ಲಿ ನಾಣ್ಯ ಸಿಗುವ ಜಾಗಗಳು ಹೆಚ್ಚುಕಮ್ಮಿ ಒಂದೇ. ದೇವರ ಕೋಣೆಯ ಹರಿವಾಣ, ಅಜ್ಜಿಯ ಮರದ ಪೆಟ್ಟಿಗೆ, ಅಟ್ಟದಲ್ಲಿಟ್ಟು ಮರೆತುಹೋದ ತಗಡಿನ ಡಬ್ಬಿ. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ಕಂಪನಿ ಕಾಲದ ತಾಮ್ರದ ಕಾಲಾಣೆ, ನಡುವೆ ತೂತಿರುವ ಕಾಸು, ಅಲ್ಯೂಮಿನಿಯಂನ ಮೂರು ಪೈಸೆ ಎಲ್ಲ ಒಂದೇ ಗಂಟಿನಲ್ಲಿ ಇರುತ್ತವೆ. ಗಂಟು ಬಿಚ್ಚಿದ ಕೂಡಲೇ ಯಾರಾದರೊಬ್ಬರು ಹುಣಸೆಹುಳಿಯೋ ವಿಭೂತಿಯೋ ತಂದು ತಿಕ್ಕಲು ಶುರು ಮಾಡುತ್ತಾರೆ. ಹತ್ತು ನಿಮಿಷದಲ್ಲಿ ನಾಣ್ಯ ಫಳಫಳ ಹೊಳೆಯುತ್ತದೆ. ಅದೇ ಹತ್ತು ನಿಮಿಷದಲ್ಲಿ ಅದರ ಬೆಲೆಯೂ ಬಿದ್ದುಹೋಗುತ್ತದೆ.

ಯಾಕೆ ಅಂದರೆ, ಸಂಗ್ರಹಕಾರರು ದುಡ್ಡು ಕೊಡುವುದು ನಾಣ್ಯದ ಮೇಲ್ಮೈಗೆ. ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಮೂಡಿದ ಸೂಕ್ಷ್ಮ ಗೆರೆಗಳು, ಅದರ ಮೇಲೆ ನೂರು ವರ್ಷದಲ್ಲಿ ನಿಧಾನಕ್ಕೆ ಕೂತ ಬಣ್ಣ, ಇವೆರಡೂ ಸೇರಿದ ಒಂದು ತೆಳು ಪದರ ಅದು. ತಿಕ್ಕಿದರೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಹಾಗಾಗಿ ಕೆಲಸದ ಕ್ರಮ ಹೀಗಿರಲಿ: ಮೊದಲು ಫೋಟೊ, ಆಮೇಲೆ ಸ್ಥಿತಿಯ ಪರೀಕ್ಷೆ, ಕೊನೆಯಲ್ಲಿ ಅಗತ್ಯ ಬಿದ್ದರೆ ಮಾತ್ರ ತೊಳೆಯುವುದು. ನಾನು ನೋಡಿದ ಮಟ್ಟಿಗೆ ಹೆಚ್ಚಿನ ನಾಣ್ಯಗಳಿಗೆ ಮೂರನೇ ಹೆಜ್ಜೆಯ ಅಗತ್ಯವೇ ಬರುವುದಿಲ್ಲ.

ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಚಿನ್ನದ ಕೆಲಸದವರು ಕಣ್ಣಿಗಿಟ್ಟುಕೊಳ್ಳುವ ಭೂತಗನ್ನಡಿ. 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ. ಒಂದು ಅಯಸ್ಕಾಂತ. ಒಂದು ಸ್ಕೇಲು. ಮೆತ್ತಗಿನ ಬೈರಾಸು. ಕ್ಯಾಮೆರಾ ಇರುವ ಫೋನು ನಿಮ್ಮ ಹತ್ತಿರ ಇದ್ದೇ ಇರುತ್ತದೆ. ತೊಳೆಯುವ ಪರಿಸ್ಥಿತಿ ಬಂದರೆ ಡಿಸ್ಟಿಲ್ಡ್ ವಾಟರ್ ಮತ್ತು ಶುದ್ಧ ಅಸಿಟೋನ್ ಬೇಕಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ನಾಣ್ಯವನ್ನು ಯಾವಾಗಲೂ ಅಂಚಿನಲ್ಲೇ ಹಿಡಿಯಿರಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ. ನಮ್ಮ ಊರಿನ ಸೆಕೆಯಲ್ಲಿ ಕೈ ಸದಾ ಬೆವರುತ್ತದೆ, ಬೆವರಿನಲ್ಲಿ ಉಪ್ಪಿದೆ. ತಾಮ್ರದ ಮೇಲೆ ಬೆರಳಿನ ಗುರುತು ಬಿದ್ದರೆ ಕೆಲವೇ ವಾರದಲ್ಲಿ ಕಪ್ಪು ಕಲೆಯಾಗಿ ಕೂತುಬಿಡುತ್ತದೆ. ಸಾಬೂನಿನಲ್ಲಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಮುಟ್ಟಿ. ಹತ್ತಿಯ ಕೈಗವಸು ಹಾಕಿದರೆ ನಾಣ್ಯ ಜಾರುತ್ತದೆ, ನನಗೆ ಅದು ಇಷ್ಟವಿಲ್ಲ. ಕೆಳಗೆ ಬೈರಾಸು ಹಾಸಿಕೊಂಡೇ ಕೂರಿ. ಮೊಸಾಯಿಕ್ ನೆಲಕ್ಕೆ ಒಮ್ಮೆ ಬಿದ್ದರೆ ಅಂಚು ಜಜ್ಜಿಹೋಗುತ್ತದೆ. ಇನ್ನೊಂದು ಮಾತು, ನಾಣ್ಯದ ಮೇಲೆ ಬಾಗಿಕೊಂಡು ಮಾತಾಡಬೇಡಿ. ಎಂಜಲ ಹನಿ ಬಿದ್ದಲ್ಲಿ ಚುಕ್ಕೆ ಮೂಡುತ್ತದೆ.

ಮೊದಲ ಹೆಜ್ಜೆ: ಫೋಟೊ

ಸಿಕ್ಕಿದ ಸ್ಥಿತಿಯಲ್ಲೇ, ಧೂಳು ಕುಂಕುಮ ಎಲ್ಲ ಇರುವಾಗಲೇ ಒಂದು ಸುತ್ತು ಫೋಟೊ ತೆಗೆದಿಡಿ. ಆಮೇಲೆ ಏನಾದರೂ ಬದಲಾದರೆ ಹೋಲಿಸಿ ನೋಡಲು ಇದೊಂದೇ ದಾಖಲೆ.

ನಾಣ್ಯದ ಫೋಟೊ ಅಂದರೆ ಮುಕ್ಕಾಲು ಪಾಲು ಬೆಳಕಿನ ಕೆಲಸ. ಫೋನಿನ ಫ್ಲ್ಯಾಶ್ ಪೂರ್ತಿ ಮರೆತುಬಿಡಿ. ಹೆಂಚಿನ ಮನೆಯಾದರೆ ನಿಮ್ಮ ಅದೃಷ್ಟ: ಮಾಡಿನಲ್ಲಿರುವ ಗಾಜಿನ ಹೆಂಚಿನ ಕೆಳಗೆ, ಮೋಡ ಕವಿದ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಮೇಲಿನಿಂದ ಇಳಿಯುವ ಬೆಳಕು ನಾಣ್ಯಕ್ಕೆ ಹೇಳಿ ಮಾಡಿಸಿದಂತೆ ಇರುತ್ತದೆ. ಬಿಸಿಲು ನೇರ ಬೀಳುವ ಹೊತ್ತಿನಲ್ಲಿ ಬೇಡ, ಬೆಳ್ಳಿ ಬಿಳಿಯ ಮುದ್ದೆಯಾಗಿ ಕಾಣುತ್ತದೆ. ಫ್ಲ್ಯಾಟ್‌ನಲ್ಲಿರುವವರು ಬಾಲ್ಕನಿ ಕಿಟಕಿಗೆ ಬಟರ್ ಪೇಪರ್ ಅಂಟಿಸಿದರೆ ಬೆಳಕು ಮೆತ್ತಗಾಗುತ್ತದೆ. ಆಟಿ ತಿಂಗಳ ಮಳೆಗೆ ನಾವೆಲ್ಲ ಬಯ್ಯುತ್ತೇವೆ, ಆದರೆ ನಾಣ್ಯದ ಬಣ್ಣ ಇದ್ದ ಹಾಗೆ ಬರುವುದು ಆ ದಿನಗಳ ಬೆಳಕಿನಲ್ಲೇ.

ರಾತ್ರಿ ತೆಗೆಯುವುದಾದರೆ ಒಂದೇ ಬಣ್ಣದ ಬೆಳಕು ಕೊಡುವ ಎರಡು ಎಲ್‌ಇಡಿ ಟೇಬಲ್ ಲ್ಯಾಂಪ್ ಸಾಕು. ನಾಣ್ಯವನ್ನು ಗಡಿಯಾರ ಅಂದುಕೊಳ್ಳಿ. ಹತ್ತು ಗಂಟೆಯ ಜಾಗದಲ್ಲಿ ಒಂದು, ಎರಡು ಗಂಟೆಯ ಜಾಗದಲ್ಲಿ ಇನ್ನೊಂದು ದೀಪ ಇಟ್ಟು, ಎರಡನ್ನೂ ಸಾಕಷ್ಟು ಎತ್ತರಕ್ಕೆ ಏರಿಸಿ. ದೀಪ ತಗ್ಗಿಸಿದಷ್ಟೂ ನೆರಳು ಉದ್ದವಾಗಿ, ಸವೆದ ನಾಣ್ಯವೂ ಉಬ್ಬಿದಂತೆ ಕಾಣುತ್ತದೆ. ಕೊಳ್ಳುವವನಿಗೆ ಮೋಸ ಆಗುವುದು ಇಲ್ಲೇ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಎರಡು ಬಣ್ಣದ ಬೆಳಕು ಬೆರೆತು ಬೆಳ್ಳಿ ಹಳದಿಯಾಗುತ್ತದೆ.

ಫೋನು ಕೈಯಲ್ಲಿ ಹಿಡಿಯಬೇಡಿ. ಒಂದೇ ಎತ್ತರಕ್ಕೆ ಎರಡು ಕಡೆ ಪುಸ್ತಕ ಪೇರಿಸಿ, ಮೇಲೆ ಫೋನನ್ನು ಅಡ್ಡ ಇಡಿ. ಕ್ಯಾಮೆರಾ ಕಣ್ಣು ನಡುವಿನ ಸಂದಿನಲ್ಲಿ ನೇರ ಕೆಳಗೆ ನೋಡಲಿ. ನಾಣ್ಯದಿಂದ ಒಂದು ಗೇಣು ದೂರ ಇರಲಿ. ಹತ್ತಿರ ಹೋಗುವ ಬದಲು ಎರಡು ಪಟ್ಟು ಜೂಮ್ ಮಾಡಿ. ತೀರಾ ಹತ್ತಿರ ಇಟ್ಟರೆ ಫೋನಿನದೇ ನೆರಳು ಬೀಳುತ್ತದೆ, ದುಂಡಗಿನ ನಾಣ್ಯ ಅಂಚಿನಲ್ಲಿ ಸೊಟ್ಟಗಾಗುತ್ತದೆ. ನಾಣ್ಯದ ಮೇಲೆ ಬೆರಳೊತ್ತಿ ಫೋಕಸ್ ಲಾಕ್ ಮಾಡಿ, ಬೆಳಕನ್ನು ಒಂದು ಚೂರು ಕಡಿಮೆ ಮಾಡಿ, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ.

ಹಿನ್ನೆಲೆಗೆ ಬೂದು ಅಥವಾ ಬಿಳಿ ದಪ್ಪ ಕಾಗದ ಒಳ್ಳೆಯದು. ಕಪ್ಪು ವೆಲ್ವೆಟ್ ಚಂದ ಕಾಣುತ್ತದೆ ನಿಜ, ಆದರೆ ಸುತ್ತಲೂ ಕಪ್ಪಿದ್ದರೆ ಫೋನು ಬೆಳಕು ಏರಿಸಿ ನಾಣ್ಯವನ್ನು ಬೆಳ್ಳಗೆ ಮಾಡಿಬಿಡುತ್ತದೆ. ನಾಣ್ಯಕ್ಕಿಂತ ಸಣ್ಣದಾದ ಒಂದು ಬಾಟಲಿ ಮುಚ್ಚಳದ ಮೇಲೆ ನಾಣ್ಯ ಕೂರಿಸಿ ನೋಡಿ. ಹಿನ್ನೆಲೆ ಮಬ್ಬಾಗಿ, ಅಂಚು ಸ್ಪಷ್ಟವಾಗಿ ನಿಲ್ಲುತ್ತದೆ.

ಒಂದು ನಾಣ್ಯಕ್ಕೆ ಮುಂಬದಿ, ಹಿಂಬದಿ, ಅಂಚು ಈ ಮೂರು ಫೋಟೊ ಬೇಕೇ ಬೇಕು. ಇಸವಿ ಇರುವ ಜಾಗದ್ದು ಹತ್ತಿರದಿಂದ ಒಂದು ತೆಗೆಯಿರಿ. ಇದು ಸುಮ್ನೆ ಹೇಳಿದ್ದಲ್ಲ. ವಿಕ್ಟೋರಿಯಾಳ 1862 ಅಂತ ಬರೆದ ರೂಪಾಯಿ 1874ರವರೆಗೂ ಅದೇ ಇಸವಿ ಹೊತ್ತು ಅಚ್ಚಾಯಿತು. ಇಸವಿಯ ಸುತ್ತಮುತ್ತ ಇರುವ ಸಣ್ಣ ಚುಕ್ಕೆಗಳ ಮೇಲೆ ಅವುಗಳ ಬಗೆ ನಿರ್ಧಾರವಾಗುತ್ತದೆ. ಫೋಟೊದಲ್ಲಿ ಚುಕ್ಕೆ ಕಾಣದಿದ್ದರೆ ಯಾರೂ ನಿಮಗೆ ಉತ್ತರ ಕೊಡಲಾರರು. ಗೀರು, ಕಲೆ, ಜಜ್ಜಿದ ಗುರುತು ಇದ್ದರೆ ದೀಪ ತಗ್ಗಿಸಿ ಅದರದ್ದೇ ಒಂದು ಫೋಟೊ ಇರಲಿ. ಹೊಳಪು ತೋರಿಸಲು ನಾಣ್ಯವನ್ನು ಸ್ವಲ್ಪ ಓರೆ ಮಾಡಿ ಇನ್ನೊಂದು.

ಸಂಗ್ರಹಕಾರರಿಗೆಂದೇ ವಿಶೇಷವಾಗಿ ಅಚ್ಚು ಹಾಕಿದ, ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯಗಳಿಗೆ ಮಾತ್ರ ಬೇರೆ ಉಪಾಯ ಬೇಕು. ಅವುಗಳಲ್ಲಿ ನಿಮ್ಮ ಫೋನು, ಮಾಡು, ಫ್ಯಾನು ಎಲ್ಲ ಕಾಣುತ್ತದೆ. ನಾಣ್ಯದ ಮೇಲೆ ಒಂದು ಸಾದಾ ಗಾಜಿನ ತುಂಡನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಪಕ್ಕದಿಂದ ದೀಪ ಬಿಡಿ. ಬೆಳಕು ಗಾಜಿಗೆ ಬಡಿದು ನೇರ ಕೆಳಗಿಳಿಯುತ್ತದೆ, ನೀವು ಅದೇ ಗಾಜಿನ ಮೂಲಕ ಮೇಲಿನಿಂದ ಫೋಟೊ ತೆಗೆಯಬಹುದು. ದೀಪ ನೇರ ನಾಣ್ಯಕ್ಕೆ ಬೀಳದಂತೆ ಒಂದು ರಟ್ಟು ಅಡ್ಡ ಇಡಿ.

ಫೋಟೊಗೆ ಬಣ್ಣ ಏರಿಸುವ ಫಿಲ್ಟರ್ ಹಾಕಬೇಡಿ. ಫೈಲಿಗೆ ಅರ್ಥವಾಗುವ ಹೆಸರು ಕೊಡಿ, "1918-ರೂಪಾಯಿ-ಬೊಂಬಾಯಿ-ಮುಂಬದಿ" ಅಂತ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ತೂಕ, ಅಡ್ಡಳತೆ, ಎಲ್ಲಿಂದ ಬಂತು ಅನ್ನುವುದನ್ನು ಬರೆದಿಡಿ. "ಅಜ್ಜನ ಜಿನಸಿ ಅಂಗಡಿಯ ಗಲ್ಲಾಪೆಟ್ಟಿಗೆ" ಅನ್ನುವ ಒಂದು ಸಾಲು ಮುಂದಿನ ತಲೆಮಾರಿಗೆ ಬಹಳ ದೊಡ್ಡ ಮಾಹಿತಿ. ವಾಟ್ಸಾಪ್‌ನಲ್ಲಿ ಯಾರಿಗಾದರೂ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಅಂತ ಕಳಿಸಿದರೆ ಅದು ಕುಗ್ಗಿ, ಸೂಕ್ಷ್ಮ ಗೆರೆಗಳೆಲ್ಲ ಮಾಯವಾಗುತ್ತವೆ.

ಎರಡನೇ ಹೆಜ್ಜೆ: ಸ್ಥಿತಿ ನೋಡುವುದು

ಇಲ್ಲಿ ಅವಸರ ಬೇಡ. ಒಂದು ನಾಣ್ಯ ಹಿಡಿದುಕೊಂಡೇ ಕಲಿಯೋಣ. ಐದನೇ ಜಾರ್ಜ್‌ನ 1918ರ ಬೆಳ್ಳಿ ರೂಪಾಯಿ ನಮ್ಮ ಕಡೆ ಸುಲಭಕ್ಕೆ ಸಿಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಬರ ಬಂದು, ಅಮೆರಿಕ ತನ್ನ ಬೆಳ್ಳಿ ಡಾಲರ್‌ಗಳನ್ನೇ ಕರಗಿಸಿ ಬ್ರಿಟನ್‌ಗೆ ಮಾರಿತ್ತು. ಆ ಬೆಳ್ಳಿ ಬಂದದ್ದು ಭಾರತದ ರೂಪಾಯಿಗಾಗಿ. 1918ರಲ್ಲಿ ಈ ರೂಪಾಯಿಯನ್ನು ಕೋಟಿಗಟ್ಟಲೆ ಅಚ್ಚು ಹಾಕಿದ್ದರು, ಆದ್ದರಿಂದ ಅಪರೂಪದ್ದೇನಲ್ಲ. ಅಭ್ಯಾಸಕ್ಕೆ ಒಳ್ಳೆಯದು.

ಮೊದಲು ದೀಪದ ಕೆಳಗೆ ಹಿಡಿದು ನಿಧಾನಕ್ಕೆ ಓರೆ ಮಾಡುತ್ತಾ ತಿರುಗಿಸಿ. ಬಳಕೆಯಾಗದ ನಾಣ್ಯದಲ್ಲಿ ಬೆಳಕಿನ ಪಟ್ಟಿಯೊಂದು ಗಾಡಿಯ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಅಚ್ಚು ಹಾಕುವಾಗ ಲೋಹ ಹೊರಮುಖವಾಗಿ ಹರಿದು ಮೂಡಿದ ಗೆರೆಗಳಿಂದ ಬರುವ ಹೊಳಪು ಅದು. ಕೈಯಿಂದ ಕೈಗೆ ಹೋದಂತೆ ಮೊದಲು ಉಬ್ಬಿದ ಜಾಗಗಳಲ್ಲಿ, ಆಮೇಲೆ ಬಯಲು ಜಾಗದಲ್ಲಿ ಈ ಹೊಳಪು ಸತ್ತುಹೋಗುತ್ತದೆ. ಅಕ್ಷರಗಳ ಸಂದಿನಲ್ಲಿ ಮಾತ್ರ ಕೊನೆಯವರೆಗೆ ಉಳಿದಿರುತ್ತದೆ.

ಈಗ ಲೂಪ್ ಹಿಡಿದು ರಾಜನ ನಿಲುವಂಗಿಯ ಮೇಲೆ ನೋಡಿ. ಎದೆಯ ಮೇಲಿನ ಹಾರದಲ್ಲಿ ಒಂದು ಪುಟ್ಟ ಆನೆ ಇದೆ. 1911ರಲ್ಲಿ ಈ ಆನೆಯ ಸೊಂಡಿಲು, ಕಾಲು ಗಿಡ್ಡವಾಗಿ ಮೂಡಿ, ನೋಡಿದವರಿಗೆ ಹಂದಿಯಂತೆ ಕಂಡಿತು. ಜನ ಆಕ್ಷೇಪ ಎತ್ತಿದರು. ಸರಕಾರ ಆ ರೂಪಾಯಿಗಳನ್ನು ವಾಪಸ್ ತರಿಸಿ, 1912ರಿಂದ ಸೊಂಡಿಲು ತಿದ್ದಿದ ಅಚ್ಚು ಬಳಸಿತು. ಸಂಗ್ರಹಕಾರರು 1911ರದ್ದನ್ನು ಈಗಲೂ "ಹಂದಿ ರೂಪಾಯಿ" ಅಂತಲೇ ಕರೆಯುತ್ತಾರೆ. ನಮಗೆ ಈ ಆನೆಯಿಂದ ಇನ್ನೊಂದು ಉಪಕಾರವಿದೆ. ಅದು ನಾಣ್ಯದ ಎತ್ತರದ ಜಾಗದಲ್ಲಿ ಇರುವುದರಿಂದ ಬೇಗ ಸವೆಯುತ್ತದೆ. ಆನೆಯ ಕಿವಿ, ಕಾಲು, ಸೊಂಡಿಲು ಬಿಡಿಬಿಡಿಯಾಗಿ ಕಂಡರೆ ನಾಣ್ಯ ಎಕ್ಸ್‌ಎಫ್ ಮಟ್ಟದ್ದು (ಎಕ್ಸ್‌ಟ್ರೀಮ್ಲಿ ಫೈನ್). ಆಕಾರ ಗೊತ್ತಾಗುತ್ತದೆ, ಒಳಗಿನ ಗೆರೆ ಕಲಸಿಹೋಗಿದೆ ಅಂದರೆ ವಿಎಫ್ (ವೆರಿ ಫೈನ್). ಆನೆ ಇದ್ದ ಜಾಗದಲ್ಲಿ ಬರೀ ಒಂದು ಗುಬುಟು ಉಳಿದಿದ್ದರೆ ಫೈನ್, ಅಂದರೆ ಎಫ್. ಅದೂ ಚಪ್ಪಟೆಯಾಗಿ, ಕಿರೀಟದ ಮಣಿಗಳೂ ಅಳಿಸಿದ್ದರೆ ಇನ್ನೂ ಕೆಳಗೆ. ಹೆಸರಿನಲ್ಲಿ ಎಫ್ ಕೆಳಗಿದ್ದು ವಿಎಫ್ ಮೇಲಿದೆ ಅನ್ನುವುದನ್ನು ನೆನಪಿಡಿ, ಹೊಸಬರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಎಕ್ಸ್‌ಎಫ್‌ನ ಮೇಲೆ ಎಯು, ಅಂದರೆ ಎತ್ತರದ ಜಾಗದಲ್ಲಿ ಮಾತ್ರ ಚೂರು ಉಜ್ಜಿದ ಗುರುತು. ಅದರ ಮೇಲೆ ಯುಎನ್‌ಸಿ, ಸವೆತವೇ ಇಲ್ಲದ್ದು. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಗ್ರೇಡಿಂಗ್ ಕಂಪನಿಗಳು ಇದನ್ನೇ 1ರಿಂದ 70ರ ಅಂಕದಲ್ಲಿ ಹೇಳುತ್ತವೆ. 60ರಿಂದ ಮೇಲೆ ಇರುವುದು ಯುಎನ್‌ಸಿ.

ವಿಕ್ಟೋರಿಯಾ ರೂಪಾಯಿಯಲ್ಲಿ ಕೂದಲಿನ ಎಳೆ, ಕೆನ್ನೆ, ಉಡುಪಿನ ಕಸೂತಿ ನೋಡಬೇಕು. ಏಳನೇ ಎಡ್ವರ್ಡ್‌ಗೆ ಕಿರೀಟವಿಲ್ಲ, ಅವನ ಕಿವಿ ಮತ್ತು ಕಿವಿಯ ಮೇಲಿನ ಕೂದಲು ನೋಡಿ. 1835ರ ಕಂಪನಿ ಕಾಲಾಣೆಯಲ್ಲಿ ಲಾಂಛನದ ಎರಡು ಬದಿಯ ಸಿಂಹಗಳು. ಪ್ರತಿ ಅಚ್ಚಿಗೂ ಮೊದಲು ಸವೆಯುವ ಜಾಗ ಬೇರೆ, ಅದನ್ನು ಪತ್ತೆ ಹಚ್ಚಿದರೆ ಅರ್ಧ ಕೆಲಸ ಮುಗಿಯಿತು. ಕೆಲವೊಮ್ಮೆ ಅಚ್ಚೇ ಸರಿಯಾಗಿ ಬಿದ್ದಿರುವುದಿಲ್ಲ, ಹೊಸ ನಾಣ್ಯವೂ ನಡುವೆ ಚಪ್ಪಟೆ ಇರುತ್ತದೆ. ಆಗ ಆ ಚಪ್ಪಟೆ ಜಾಗದಲ್ಲಿ ಹೊಳಪು ಇದೆಯೇ ನೋಡಿ. ಹೊಳಪಿದ್ದರೆ ಅಚ್ಚಿನ ದೋಷ, ಮಂಕಾಗಿದ್ದರೆ ಸವೆತ.

ಅಂಚನ್ನು ಸುತ್ತ ಒಂದು ಸಲ ನೋಡುವುದು ತಪ್ಪಿಸಬೇಡಿ. ಕರಾವಳಿಯ ಮನೆಗಳಲ್ಲಿ ಬೆಳ್ಳಿ ರೂಪಾಯಿಗೆ ಕೊಂಡಿ ಬೆಸೆದು ಸರ ಮಾಡಿಸಿಕೊಂಡವರು ಬಹಳ. ಕೊಂಡಿ ತೆಗೆದ ಮೇಲೂ ರಾಜನ ತಲೆಯ ಮೇಲೋ ಹಿಂಬದಿಯ ಅಂಚಿನಲ್ಲೋ ಬೆಸುಗೆಯ ಬೂದು ಕಲೆ ಉಳಿದಿರುತ್ತದೆ. ತೂತು ಮುಚ್ಚಿಸಿದ ನಾಣ್ಯವೂ ಇರುತ್ತದೆ. ಸರಾಫರು ಬೆಳ್ಳಿ ಪರೀಕ್ಷೆ ಮಾಡಲು ಒತ್ತಿದ ಸಣ್ಣ ಗುರುತುಗಳೂ ಸಿಗುತ್ತವೆ. ಇವೆಲ್ಲ ಬೆಲೆ ಇಳಿಸುತ್ತವೆ. ಆದರೆ ಅಜ್ಜಿಯ ಕೊರಳಲ್ಲಿದ್ದ ನಾಣ್ಯದ ಕೊಂಡಿಯನ್ನು ಬೆಲೆಗಾಗಿ ತೆಗೆಸಬೇಡಿ. ತೆಗೆಸಿದ ಮಾತ್ರಕ್ಕೆ ಬೆಲೆ ಏರುವುದಿಲ್ಲ, ಮನೆಯ ಒಂದು ನೆನಪು ಹೋಗುತ್ತದೆ.

ಹಿಂದೆ ಯಾರೋ ತಿಕ್ಕಿದ್ದಾರೆಯೇ ಅನ್ನುವುದೂ ಗೊತ್ತಾಗುತ್ತದೆ. ಬಯಲು ಜಾಗದಲ್ಲಿ ಒಂದೇ ದಿಕ್ಕಿಗೆ ಓಡುವ ನೂಲಿನಷ್ಟು ಸಣ್ಣ ಗೀರುಗಳು. ಬಯಲೆಲ್ಲ ಬೆಳ್ಳಗೆ, ಅಕ್ಷರಗಳ ಬುಡದಲ್ಲಿ ಮಾತ್ರ ಕಪ್ಪು ಕೊಳೆ. ಹಳೇ ತಾಮ್ರ ಕಂದು ಬಣ್ಣದ ಬದಲು ಗುಲಾಬಿ ಕೆಂಪು. ಇವು ಕಂಡರೆ ಗ್ರೇಡಿಂಗ್ ಕಂಪನಿ ಅಂಕ ಕೊಡುವುದಿಲ್ಲ, "ಡೀಟೇಲ್ಸ್" ಅಂತ ಬರೆದು, ತೊಳೆದದ್ದು ಅಂತ ನಮೂದಿಸಿ ಕಳಿಸುತ್ತದೆ.

ಇನ್ನು ಅಸಲಿಯೇ ನಕಲಿಯೇ ಅನ್ನುವ ಪ್ರಶ್ನೆ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಶೇ. 91.7 ಬೆಳ್ಳಿ. ಸವೆದಿದ್ದರೆ ತೂಕ ಸ್ವಲ್ಪ ಕಡಿಮೆ ಇರಬಹುದು, ಜಾಸ್ತಿ ಇದ್ದರೆ ಅನುಮಾನ ಪಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನೀರಿನದ್ದು. ತಕ್ಕಡಿಯ ಮೇಲೆ ಸಣ್ಣ ಲೋಟದಲ್ಲಿ ಡಿಸ್ಟಿಲ್ಡ್ ವಾಟರ್ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ನೂಲಿನಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಅಂಟಿಕೊಂಡಿರಬಾರದು. ತಕ್ಕಡಿ ಸುಮಾರು 1.13 ತೋರಿಸಿದರೆ ಬೆಳ್ಳಿ ಸರಿಯಿದೆ. 1.3ರ ಮೇಲೆ ಹೋದರೆ ಹಿತ್ತಾಳೆಯಂಥ ಕೀಳು ಲೋಹ. ಆರನೇ ಜಾರ್ಜ್‌ನ 1940ರಿಂದ ಮುಂದಿನ ರೂಪಾಯಿಗಳಲ್ಲಿ ಅರ್ಧ ಮಾತ್ರ ಬೆಳ್ಳಿ, ಅವು 1.22ರ ಆಸುಪಾಸು ತೋರಿಸುತ್ತವೆ, ಅದಕ್ಕೆ ಗಾಬರಿ ಬೇಡ. 1947ರ ಹುಲಿ ಇರುವ ರೂಪಾಯಿ ನಿಕ್ಕಲ್‌ನದ್ದು, ಅಯಸ್ಕಾಂತಕ್ಕೆ ಅಂಟುತ್ತದೆ. ಬೆಳ್ಳಿ ರೂಪಾಯಿ ಅಂಟಬಾರದು.

ಎರಕ ಹೊಯ್ದ ನಕಲಿಯಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಅಂಚಿನಲ್ಲಿ ಜೋಡಣೆಯ ಗೆರೆ, ಮೊನಚಿಲ್ಲದ ಅಕ್ಷರ ಕಾಣುತ್ತವೆ. 1939ರ ಬೆಳ್ಳಿ ರೂಪಾಯಿ ಯಾರಾದರೂ ತೋರಿಸಿದರೆ ಇಸವಿಯ ಕೊನೆಯ ಅಂಕಿಯನ್ನು ಲೂಪ್‌ನಲ್ಲಿ ತುಂಬಾ ಹೊತ್ತು ನೋಡಿ. ಅದು ನಿಜಕ್ಕೂ ಅಪರೂಪ, ಹಾಗಾಗಿಯೇ 1938ರ 8ನ್ನು ಕೊರೆದು 9 ಮಾಡಿದವು ಓಡಾಡುತ್ತಿವೆ. 1616, 1717, 1818 ಅಂತ ಇಸವಿ ಹಾಕಿ, ರಾಮ ಸೀತೆ, ಹನುಮಂತ, ಲಕ್ಷ್ಮಿಯ ಚಿತ್ರದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಹೆಸರು ಬರೆದವು ನಾಣ್ಯಗಳೇ ಅಲ್ಲ. ಕಂಪನಿ ಅಂಥದ್ದನ್ನು ಯಾವತ್ತೂ ಹೊರಡಿಸಿಲ್ಲ. ದೇವರ ಕೋಣೆಯಲ್ಲಿಟ್ಟು ಪೂಜಿಸಿ, ಆದರೆ ಲಕ್ಷ ಕೊಟ್ಟು ಕೊಳ್ಳಬೇಡಿ.

ಕಣ್ಣು ಪಳಗಲು ಒಳ್ಳೆಯ ನಾಣ್ಯಗಳನ್ನು ನೋಡುತ್ತಿರಬೇಕು. ಉಡುಪಿಯಲ್ಲಿ 1906ರಲ್ಲಿ ಶುರುವಾದ ಕಾರ್ಪೊರೇಶನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕ್ ಜೊತೆ ವಿಲೀನವಾಯಿತು, ಅಲ್ವಾ? ಅದರ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಹಳೇ ಮನೆಯೇ ಈಗ ನಾಣ್ಯಗಳ ವಸ್ತುಸಂಗ್ರಹಾಲಯ. ಕೃಷ್ಣಮಠಕ್ಕೆ ಹೋದವರು ಅಲ್ಲಿಗೂ ಹೋಗಿ ಬನ್ನಿ. ಬಾರಕೂರಿನಲ್ಲಿ ಆಳಿದ ಆಳುಪರ ನಾಣ್ಯಗಳ ಬಗ್ಗೆ ಕೇಳಿದ್ದರೆ, ಜೋಡಿ ಮೀನು ಅವರ ಲಾಂಛನ ಅನ್ನುವುದು ನೆನಪಿರಲಿ.

ಮೂರನೇ ಹೆಜ್ಜೆ: ತೊಳೆಯಬೇಕೇ?

ಬೆಳ್ಳಿ ಕಪ್ಪಾಗಿದೆ, ತಾಮ್ರ ಕಂದಾಗಿದೆ ಅನ್ನುವ ಕಾರಣಕ್ಕೆ ಖಂಡಿತ ಬೇಡ. ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ ಬೆಳ್ಳಿ ಕಪ್ಪಾಗುತ್ತದೆ, ಅದು ರೋಗವಲ್ಲ. ನೀಲಿ, ಕೇಸರಿ ಛಾಯೆ ಬಂದ ಬೆಳ್ಳಿಗೆ ಸಂಗ್ರಹಕಾರರು ಹೆಚ್ಚು ಕೊಡುವುದೂ ಉಂಟು. ಹುಣಸೆಹುಳಿ, ಬಿಂಬುಳಿ, ನಿಂಬೆ ಇವೆಲ್ಲ ಆಮ್ಲ, ಲೋಹದ ಪದರವನ್ನೇ ತಿನ್ನುತ್ತವೆ. ವಿಭೂತಿ, ಟೂತ್‌ಪೇಸ್ಟ್, ಅಡುಗೆ ಸೋಡಾ ಉಜ್ಜಿದರೆ ಗೀರು ಬೀಳುತ್ತದೆ. ಅಲ್ಯೂಮಿನಿಯಂ ಫಾಯಿಲ್ ಮತ್ತು ಸೋಡಾ ಹಾಕಿದ ಬಿಸಿನೀರಿನ ವಿಡಿಯೊಗಳು ಕಾಲುಗೆಜ್ಜೆಗೆ ಸರಿ, ಸಂಗ್ರಹದ ನಾಣ್ಯಕ್ಕೆ ಅಲ್ಲ.

ತೊಳೆಯಲೇಬೇಕಾದ ಸಂದರ್ಭಗಳು ಕೆಲವೇ. ಮಣ್ಣು, ಎಣ್ಣೆ ಜಿಡ್ಡು, ಸೆಲ್ಲೋಟೇಪಿನ ಅಂಟು, ಪ್ಲಾಸ್ಟಿಕ್ ಆಲ್ಬಮ್ ಬಿಟ್ಟ ಹಸಿರು ಲೋಳೆ, ಮತ್ತೆ ತಾಮ್ರವನ್ನು ತಿನ್ನುತ್ತಿರುವ ಹಸಿರು ಪುಡಿ.

ಮಣ್ಣಿಗೆ ಡಿಸ್ಟಿಲ್ಡ್ ವಾಟರ್. ಪೆಟ್ರೋಲ್ ಬಂಕಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಬ್ಯಾಟರಿಗೆ ಹಾಕುವ ಆಸಿಡ್ ಬೇರೆ, ಲೇಬಲ್ ಓದಿಯೇ ತನ್ನಿ. ನಲ್ಲಿ ನೀರು ಯಾಕೆ ಬೇಡ? ತುಂಬೆ ಅಣೆಕಟ್ಟಿನಿಂದ ಬರುವ ಮಂಗಳೂರು ನಗರದ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದು ತಾಮ್ರಕ್ಕೆ ಹಗೆ. ಬಾವಿ ನೀರಲ್ಲಿ ಉಪ್ಪು, ಕಬ್ಬಿಣದ ಅಂಶ ಇರಬಹುದು. ಗಾಜಿನ ಬಟ್ಟಲಿನಲ್ಲಿ ಒಂದೊಂದೇ ನಾಣ್ಯ ನೆನೆಹಾಕಿ, ಒಂದು ದಿನ ಬಿಟ್ಟು ನೀರು ಬದಲಿಸಿ. ಮಣ್ಣು ತಾನೇ ಸಡಿಲವಾಗಲಿ. ಎತ್ತಿ, ಮೆತ್ತಗಿನ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಒರೆಸುವುದು ಬೇಡ, ಅಂಟಿಕೊಂಡ ಒಂದು ಮರಳಿನ ಕಣ ಸಾಕು ಗೀರಲು.

ಜಿಡ್ಡು, ಅಂಟು, ಹಸಿರು ಲೋಳೆಗೆ ಶುದ್ಧ ಅಸಿಟೋನ್. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಎಣ್ಣೆ, ಬಣ್ಣ, ಪರಿಮಳ ಬೆರೆಸಿರುತ್ತಾರೆ, ಅದು ಆಗುವುದಿಲ್ಲ. ಕೆಮಿಕಲ್ ಅಂಗಡಿಯಲ್ಲಿ ಕೇಳಿ. ಅಸಿಟೋನ್‌ಗೆ ಬೇಗ ಬೆಂಕಿ ಹಿಡಿಯುತ್ತದೆ. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಇರುವ ಕಡೆ ಬಾಟಲಿ ತೆರೆಯಲೇಬೇಡಿ. ಕಿಟಕಿ ತೆರೆದಿರಲಿ, ಪಾತ್ರೆ ಗಾಜಿನದೇ ಇರಲಿ. ನಾಣ್ಯ ಮುಳುಗಿಸಿ ಕೆಲವು ನಿಮಿಷ ಬಿಡಿ, ಬೇಕಾದರೆ ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ. ಎತ್ತಿದ ಮೇಲೆ ಅದು ತಾನೇ ಆರಿಹೋಗುತ್ತದೆ. ಅಸಿಟೋನ್ ಜಿಡ್ಡು ಕರಗಿಸುತ್ತದೆ, ಲೋಹದ ಬಣ್ಣ ಮುಟ್ಟುವುದಿಲ್ಲ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ. ಪೂಜೆಯ ಗಂಧ, ಕುಂಕುಮ ಹತ್ತಿದ ನಾಣ್ಯಕ್ಕೆ ಮೊದಲು ನೀರು, ಆಮೇಲೆ ಎಣ್ಣೆಯ ಅಂಶಕ್ಕೆ ಅಸಿಟೋನ್. ನಾಣ್ಯ ಸಂಗ್ರಹಕ್ಕೆ ಅಂತ ಆದ ಮೇಲೆ ಅದನ್ನು ಪೂಜೆಗೆ ಇಡಬೇಡಿ. ಲಕ್ಷ್ಮೀಪೂಜೆಗೆ ಬೇರೆ ನಾಣ್ಯ ಇಟ್ಟುಕೊಳ್ಳಿ.

ಕರಾವಳಿಯಲ್ಲಿ ಜಾಸ್ತಿ ಕಾಡುವುದು ತಾಮ್ರ, ಕಂಚಿನ ಹಸಿರು ಪುಡಿ. ಎರಡು ಬಗೆಯ ಹಸಿರು ಇದೆ, ಕಡ್ಡಾಯವಾಗಿ ಬೇರ್ಪಡಿಸಿ ನೋಡಬೇಕು. ಗಾಢ ಹಸಿರು, ಗಟ್ಟಿಯಾಗಿ ನಯವಾಗಿ ಕೂತಿದ್ದರೆ ಅದು ಸುಮ್ನೆ ಇರುವ ಪದರ, ಬಿಟ್ಟುಬಿಡಿ. ತೆಳು ಹಸಿರು, ಮುಟ್ಟಿದರೆ ಉದುರುವ ಪುಡಿ, ಅದರ ಕೆಳಗೆ ಗುಳಿ ಕಂಡರೆ ಕಂಚಿನ ರೋಗ. ಉಪ್ಪಿನ ಕ್ಲೋರೈಡ್ ತಾಮ್ರದ ಜೊತೆ ಸೇರಿಕೊಂಡು, ತೇವ ಸಿಕ್ಕಾಗಲೆಲ್ಲ ಆಮ್ಲ ಹುಟ್ಟಿಸಿ ಮತ್ತೆ ಮತ್ತೆ ಲೋಹ ತಿನ್ನುವ ಕ್ರಿಯೆ ಅದು. ಸಮುದ್ರದ ಗಾಳಿ, ಮಳೆಗಾಲದ ತೇವ ಎರಡೂ ನಮ್ಮಲ್ಲಿ ಧಾರಾಳ. ಅಂಥ ನಾಣ್ಯವನ್ನು ಮೊದಲು ಉಳಿದವುಗಳಿಂದ ದೂರ ಇಡಿ. ಲೂಪ್ ಕೆಳಗೆ ಮೆತ್ತಗಿನ ಬಿದಿರಿನ ಕಡ್ಡಿಯಲ್ಲಿ ಪುಡಿ ಬಿಡಿಸಿ, ಸೂಜಿ ಮುಟ್ಟಿಸಬೇಡಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ದಿನಾ ನೀರು ಬದಲಿಸುತ್ತಾ ಕೆಲವು ವಾರ ನೆನೆಸಿ. ಆಮೇಲೆ ಅಸಿಟೋನ್‌ನಲ್ಲಿ ಅದ್ದಿದರೆ ಉಳಿದ ತೇವವೂ ಹೊರಬರುತ್ತದೆ. ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಬೇರೆಯಾಗಿಟ್ಟು ಗಮನಿಸಿ. ಪುಡಿ ಮತ್ತೆ ಕಂಡರೆ ಮತ್ತೆ ಇದೇ ಕೆಲಸ. ಬೆಲೆಬಾಳುವ ನಾಣ್ಯವಾದರೆ ನೀವೇ ಕೈ ಹಾಕದೆ ವಸ್ತುಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಮಳೆಗಾಲಕ್ಕೆ ಮುಂಚೆ ಇಡುವ ವ್ಯವಸ್ಥೆ

ಗೋಡೆಗೆ ಬೂಷ್ಟು ಹಿಡಿಯುವ ಊರಿನಲ್ಲಿ ನಾಣ್ಯ ಸುಮ್ಮನೆ ಕಪಾಟಿನಲ್ಲಿದ್ದರೆ ಸಾಲದು. ಅಗ್ಗದ ಮೆತ್ತಗಿನ ಪಿವಿಸಿ ಹಾಳೆಯ ಆಲ್ಬಮ್ ಬೇಡ, ಹಸಿರು ಲೋಳೆ ಬರುವುದು ಅದರಿಂದಲೇ. ಮೈಲಾರ್ (ಪಿವಿಸಿ ಅಲ್ಲದ ಪಾರದರ್ಶಕ ಪ್ಲಾಸ್ಟಿಕ್) ಕಿಟಕಿಯ ರಟ್ಟಿನ ಹೋಲ್ಡರ್ ಅಥವಾ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್ ಬಳಸಿ. ಹೋಲ್ಡರಿಗೆ ಸ್ಟೇಪ್ಲರ್ ಪಿನ್ ಹೊಡೆದರೆ ನಮ್ಮಲ್ಲಿ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಅಂಟು ಇರುವ ಹೋಲ್ಡರ್ ತನ್ನಿ. ರಬ್ಬರ್ ಬ್ಯಾಂಡ್, ನ್ಯೂಸ್‌ಪೇಪರ್ ಬೆಳ್ಳಿಯನ್ನು ಬೇಗ ಕಪ್ಪು ಮಾಡುತ್ತವೆ. ನುಸಿಗುಳಿಗೆಯೂ ಹತ್ತಿರ ಬೇಡ.

ಎಲ್ಲವನ್ನೂ ರಬ್ಬರ್ ಬಿಗಿಯ ಮುಚ್ಚಳದ ಡಬ್ಬಿಯಲ್ಲಿಟ್ಟು, ಒಂದು ಪೊಟ್ಟಣ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಸಣ್ಣ ಮೀಟರ್ ಹಾಕಿ. ಶೇ. 40ರ ಆಸುಪಾಸು ಇದ್ದರೆ ಒಳ್ಳೆಯದು. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತೇವ ಕುಡಿದಿದೆ ಅಂತ. 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಕಿತ್ತಳೆಯೇ ಇರಲಿ. ಮೇ ಕೊನೆಯಲ್ಲಿ ಜೆಲ್ ಬದಲಿಸಿ. ಮಳೆ ಜೋರಾಗಿರುವಾಗ ಡಬ್ಬಿ ತೆರೆಯುವುದನ್ನು ಆದಷ್ಟು ಕಡಿಮೆ ಮಾಡಿ.

ಮಾರುವ, ಕಳಿಸುವ ಮೊದಲು

ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಅನ್ನುವ ಕರೆಗಳಿಗೆ ಬಲಿಯಾಗಬೇಡಿ. ಹಳೇ ನಾಣ್ಯ ವ್ಯವಹಾರದಲ್ಲಿ ತಾನು ಇಲ್ಲವೇ ಇಲ್ಲ, ಯಾವ ಕಮಿಷನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಹರಾಜಿನಲ್ಲಿ ಅದೇ ಇಸವಿ, ಅದೇ ಟಂಕಸಾಲೆ, ಅದೇ ಸ್ಥಿತಿಯ ನಾಣ್ಯ ನಿಜಕ್ಕೂ ಎಷ್ಟಕ್ಕೆ ಹೋಗಿದೆ ಅಂತ ನೋಡಿ ಬೆಲೆ ಅಂದಾಜು ಮಾಡಿ. ಐದನೇ ಜಾರ್ಜ್ ರೂಪಾಯಿಯಲ್ಲಿ ಟಂಕಸಾಲೆ ಗುರುತಿಸಲು ಹಿಂಬದಿಯ ಕೆಳಗಿನ ತಾವರೆ ಹೂವಿನ ಅಡಿ ನೋಡಿ: ಸಣ್ಣ ಚುಕ್ಕೆ ಇದ್ದರೆ ಬೊಂಬಾಯಿ, ಇಲ್ಲದಿದ್ದರೆ ಕಲ್ಕತ್ತ.

ಗದ್ದೆ ಉಳುವಾಗಲೋ ಅಡಿಪಾಯ ತೋಡುವಾಗಲೋ ಹಳೇ ನಾಣ್ಯದ ಗಡಿಗೆ ಸಿಕ್ಕಿದರೆ ಅದು ನಿಧಿ. ಕಾನೂನು ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ತೊಳೆಯಬೇಡಿ, ಹಂಚಿಕೊಳ್ಳಬೇಡಿ, ಸಿಕ್ಕ ಜಾಗದ ಫೋಟೊ ತೆಗೆದಿಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಗಲ್ಫ್‌ನಲ್ಲಿರುವ ಮಗನ ಕೈಯಲ್ಲಿ ಕೊಟ್ಟುಕಳಿಸುವುದಕ್ಕೂ, ಗ್ರೇಡಿಂಗ್‌ಗೆ ಅಂತ ಅಮೆರಿಕಕ್ಕೆ ಕೊರಿಯರ್ ಮಾಡುವುದಕ್ಕೂ ಇದು ಅನ್ವಯಿಸುತ್ತದೆ. ಯಾರಾದರೂ ಹೊರದೇಶದಿಂದ ಕೇಳಿದರೆ ಮೊದಲ ಹೆಜ್ಜೆಯಲ್ಲಿ ತೆಗೆದ ಫೋಟೊಗಳನ್ನು ಕಳಿಸಿ, ನಾಣ್ಯ ಇಲ್ಲೇ ಇರಲಿ.